ಬೇಲಿ ದಾಟಿ ಬಂದ ಟ್ರ್ಯಾಂಪೊಲಿನ್

ಕ್ಲಾಂಡಾಲ್ಕಿನ್‌ನಲ್ಲಿ ನಾವಿದ್ದ ಬಾಡಿಗೆ ಮನೆಯನ್ನು ಮಾಲೀಕರು ಮಾರಿದರು. ಡಬ್ಲಿನ್ನಿನಲ್ಲಿ ಬೇರೆ ಮನೆ ಸಿಗಲಿಲ್ಲ. ಅದೇ ಹೊತ್ತಿಗೆ ನನ್ನ ಗಂಡನಿಗೆ ಅಥ್ಲೋನ್ ಬಳಿಯ ಕಾರ್ಖಾನೆಯೊಂದರಲ್ಲಿ ಕೆಲಸವಾಯಿತು. ಹೀಗೆ ನಾವಿಬ್ಬರು ಮತ್ತು ಮಗಳು ದೇಶದ ನಡುಭಾಗಕ್ಕೆ, ದೊಡ್ಡ ಸರೋವರದ ಪೂರ್ವ ದಡಕ್ಕೆ ಬಂದೆವು. ಸರೋವರದ ಹೆಸರು ಲಾಕ್ ರೀ. ಮೈಸೂರಿನಲ್ಲಿರುವ ಅತ್ತೆಗೆ ಫೋನಿನಲ್ಲಿ ಇದನ್ನು ಹೇಳಿದಾಗ, “ಒಳ್ಳೇದಾಯ್ತು ಬಿಡು, ನೀನು ಕೂಗಿದ್ರೆ ಇಬ್ಬರಲ್ಲಿ ಒಬ್ಬರಾದ್ರೂ ಓ ಅಂತಾರೆ” ಎಂದು ನಕ್ಕರು. ಗಂಡನನ್ನು ನಾನು ಕರೆಯುವುದು ‘ರೀ’ ಎಂದೇ.

ಊರಿಂದ ಫೋನ್ ಮಾಡುವವರು ಚಳಿಗಾಲದ ಬಗ್ಗೆ ಕೇಳುವುದು ಹಿಮದ ವಿಚಾರ. ಇಲ್ಲಿ ಹಿಮ ಬೀಳುವುದು ಕಡಿಮೆ. ಇಲ್ಲಿಯದು ಗಾಳಿ. ನೈಋತ್ಯದಿಂದ ಹೊರಟು ನೀರಿನ ಮೇಲೆ ಅಡ್ಡಿಯಿಲ್ಲದೆ ಬಂದು ಮೊದಲು ತಾಗುವುದು ನಮ್ಮಂಥ ಮನೆಗಳಿಗೆ. ಗೋಡೆಗಳಲ್ಲಿ ಉಸಿರಾಡಲೆಂದು ಬಿಟ್ಟಿರುವ ದುಂಡನೆಯ ಕಿಂಡಿಗಳಿವೆ. ಗಾಳಿ ಏರಿದರೆ ಅವು ಊಳಿಡುತ್ತವೆ. ಮುಚ್ಚಬಾರದು ಎಂದು ಈ ಮನೆಯ ಮಾಲೀಕರು ಹೇಳಿದ್ದರು. ಮಲಗುವ ಕೋಣೆಯ ಕಿಂಡಿಗೆ ನಾನು ಹಳೆಯ ಕಾಲುಚೀಲ ತುರುಕಿದ್ದೆ. ಕಸದ ಡಬ್ಬಗಳನ್ನು ಹಗ್ಗದಿಂದ ಕಟ್ಟದಿದ್ದರೆ ಅವು ರಸ್ತೆಯ ತುದಿಯಲ್ಲಿ ಸಿಗುತ್ತಿದ್ದವು. ನೀರು ಏರಿ ಹೊಲಗಳಿಗೆ ನುಗ್ಗುತ್ತಿತ್ತು. ದನ ಮೇಯುತ್ತಿದ್ದ ಜಾಗದಲ್ಲಿ ಹಂಸಗಳು ತೇಲುತ್ತಿದ್ದವು. ನೋಡಲು ಚೆನ್ನಾಗಿತ್ತು. ಆದರೆ ಮೊದಲೆರಡು ಚಳಿಗಾಲಗಳಲ್ಲಿ ನನಗೆ ಅದನ್ನು ನೋಡುವ ಮನಸ್ಸಿರಲಿಲ್ಲ. ಕ್ಲಾಂಡಾಲ್ಕಿನ್‌ನಲ್ಲಿ ಪಕ್ಕದ ಬೀದಿಯಲ್ಲೇ ಕನ್ನಡದ ಮನೆಗಳಿದ್ದವು. ಇಲ್ಲಿ ವಾರಕ್ಕೊಮ್ಮೆ ಡಬ್ಲಿನ್ನಿನ ಸ್ಯಾಂಟ್ರಿಯ ಆಫೀಸಿಗೆ ಹೋಗುವುದು ಬಿಟ್ಟರೆ ನಾನು ಅಡುಗೆಮನೆಯ ಮೇಜಿನ ಮುಂದೆ ಕೂತು ಲ್ಯಾಪ್‌ಟಾಪಿನೊಂದಿಗೆ ಮಾತಾಡುತ್ತಿದ್ದೆ.

ಮಗಳು ಆಗ ಎರಡನೇ ತರಗತಿ. ಅವಳ ಗೆಳತಿಯರ ಮನೆಗಳ ಹಿತ್ತಲಿನಲ್ಲೆಲ್ಲ ಟ್ರ್ಯಾಂಪೊಲಿನ್ ಇತ್ತು. ಮಕ್ಕಳು ಮೇಲೆ ಹತ್ತಿ ಕುಪ್ಪಳಿಸುವ, ಸ್ಪ್ರಿಂಗುಗಳಿಂದ ಬಿಗಿದ ದಪ್ಪ ಬಟ್ಟೆಯ ದೊಡ್ಡ ದುಂಡು ಚೌಕಟ್ಟು ಅದು. ತನಗೂ ಬೇಕೆಂದು ಅವಳು ಒಂದು ವರ್ಷದಿಂದ ಕೇಳುತ್ತಿದ್ದಳು. “ಬಾಡಿಗೆ ಮನೆ ಪುಟ್ಟಿ, ಮೇಲಾಗಿ ಈ ಗಾಳಿ” ಎಂದು ನಾನು ಹೇಳುತ್ತಿದ್ದೆ. ಅವರಪ್ಪ “ಮುಂದಿನ ವರ್ಷ ನೋಡೋಣ” ಎನ್ನುತ್ತಿದ್ದರು. ಎರಡರ ಅರ್ಥವೂ ಒಂದೇ ಎಂದು ಅವಳಿಗೆ ಗೊತ್ತಿತ್ತು.

ಜನವರಿಯ ಒಂದು ದಿನಕ್ಕೆ ಬಿರುಗಾಳಿಯ ಕೆಂಪು ಎಚ್ಚರಿಕೆ ಬಂತು. ಶಾಲೆ ಇಲ್ಲ, ಹೊರಗೆ ಹೋಗಬೇಡಿ ಎಂದು ಫೋನುಗಳು ಕಿರುಚಿದವು. ಬೆಳಕಾಗುವ ಹೊತ್ತಿಗೆ ಗಾಳಿ ಏರಿತು. ಅದರ ಸದ್ದಿಗೆ ಏರಿಳಿತವೇ ಇರಲಿಲ್ಲ. ಲಾರಿಯೊಂದು ಮನೆಗೆ ಒರಗಿ ಎಂಜಿನ್ ಚಾಲೂ ಇಟ್ಟಂತೆ ಒಂದೇ ಸಮನೆ ಗುಡುಗುಡಿಸುತ್ತಿತ್ತು. ನಾನು ಮೀಟಿಂಗಿನಲ್ಲಿದ್ದಾಗ ಕರೆಂಟ್ ಹೋಯಿತು. ಸ್ವಲ್ಪ ಹೊತ್ತಿನಲ್ಲಿ ಫೋನಿನ ಸಿಗ್ನಲ್ ಕೂಡ ಹೋಯಿತು. ಮೂವರೂ ಅಡುಗೆಮನೆಯಲ್ಲಿ, ಕಿಟಕಿಯಿಂದ ದೂರ, ಗೋಡೆಗೆ ಬೆನ್ನು ಕೊಟ್ಟು ನಿಂತೆವು.

“ರೀ, ಅಲ್ಲಿ ಏನೋ ಬರ್ತಿದೆ ನೋಡ್ರೀ!”

ಹೊಲದಾಚೆಯಿಂದ ಕಪ್ಪಗೆ ದುಂಡಗಿನದೊಂದು ಎದ್ದು ನಿಂತು ಉರುಳಿ ಬರುತ್ತಿತ್ತು. ಚಿಕ್ಕಂದಿನಲ್ಲಿ ನಾವು ಕೋಲಿನಿಂದ ಹೊಡೆಯುತ್ತ ಓಡಿಸುತ್ತಿದ್ದ ಟೈರಿನ ಹಾಗೆ, ಆದರೆ ಆನೆಗಿಂತ ಎತ್ತರ. ಬೇಲಿಯ ಹತ್ತಿರ ಬಂದು ಒಂದು ಕ್ಷಣ ನಿಂತಿತು. ಆಮೇಲೆ ಎದ್ದು ಬೇಲಿ ದಾಟಿ ನಮ್ಮ ಹಿತ್ತಲಿಗೆ ಇಳಿಯಿತು.

“ಆಯಿಲ್ ಟ್ಯಾಂಕ್!” ಎಂದು ಗಂಡ ಕೂಗಿದರು. ಮನೆ ಬಿಸಿಮಾಡುವ ಎಣ್ಣೆಯ ಟ್ಯಾಂಕು ಅಲ್ಲೇ ಮೂಲೆಯಲ್ಲಿತ್ತು. ಅದು ಒಡೆದರೆ ಆ ಚಳಿಗಾಲಕ್ಕೆ ನಮ್ಮ ಕತೆ ಅಲ್ಲಿಗೆ ಮುಗಿದಂತೆ. ನಾನು ಮಗಳನ್ನು ಎಳೆದುಕೊಂಡು ಹಜಾರಕ್ಕೆ ಓಡಿದೆ. ಧಡ್ ಎಂಬ ಸದ್ದಾಯಿತು. ಬಟ್ಟೆ ಒಣಗಿಸುವ ಕಬ್ಬಿಣದ ಕಂಬಕ್ಕೆ ಅದು ಸಿಕ್ಕಿಕೊಂಡಿತ್ತು. ಕಂಬ ಬಾಗಿತ್ತು, ಟ್ಯಾಂಕಿಗೆ ಏನೂ ಆಗಿರಲಿಲ್ಲ.

ಮಗಳು ನನ್ನ ಕೈ ಬಿಡಿಸಿಕೊಂಡು ಇಣುಕಿದಳು. “ಅಮ್ಮಾ, ಇಟ್ಸ್ ಅ ಟ್ರ್ಯಾಂಪೊಲಿನ್!” ಎಂದಳು. ಆರ್ಡರ್ ಮಾಡಿದ್ದು ಮನೆಗೆ ತಲುಪಿದಂತಿತ್ತು ಅವಳ ದನಿ. “ಕ್ಯಾನ್ ವಿ ಕೀಪ್ ಇಟ್?”

“ಯಾರದ್ದೋ ಅದು. ಕೇಳಿ ವಾಪಸ್ ಕೊಡ್ಬೇಕು” ಎಂದೆ.

ಮಧ್ಯಾಹ್ನ ಗಾಳಿ ಇಳಿಯಿತು. ಪುಟ್ಟ ಗ್ಯಾಸ್ ಒಲೆಯ ಮೇಲೆ ಉಪ್ಪಿಟ್ಟು ಮಾಡಿ, ಕೋಟು ಹಾಕಿಕೊಂಡೇ ತಿಂದೆವು. ಮರುದಿನವೂ ಕರೆಂಟ್ ಇಲ್ಲ, ಕೆಲಸವಿಲ್ಲ. ಗಾಳಿ ಬಂದ ದಿಕ್ಕಿಗೆ ನಾನೂ ಮಗಳೂ ನಡೆದೆವು. ದಾರಿಯಲ್ಲಿದ್ದ ಮೊದಲ ಮನೆಯವರು ತಮ್ಮದಲ್ಲ ಎಂದರು. ಮುಂದೆ ನೀರಿನ ಪಕ್ಕ ಒಬ್ಬ ವಯಸ್ಸಾದ ರೈತರ ಮನೆ. ಅವರು ಒಂಟಿ. ದಾರಿಯಲ್ಲಿ ಎದುರಾದಾಗಲೆಲ್ಲ ಟ್ರ್ಯಾಕ್ಟರಿನ ಸ್ಟೀರಿಂಗಿನಿಂದ ಒಂದು ಬೆರಳು ಎತ್ತುತ್ತಿದ್ದರು. ನಾನು ತಲೆ ಆಡಿಸುತ್ತಿದ್ದೆ. ಎರಡು ವರ್ಷದ ಪರಿಚಯ ಅಷ್ಟೇ. ಅವತ್ತು ಅವರು ಏಣಿ ಹತ್ತಿ ಕೊಟ್ಟಿಗೆಯ ತಗಡಿಗೆ ಮೊಳೆ ಹೊಡೆಯುತ್ತಿದ್ದರು.

“ನಿಮ್ಮ ಟ್ರ್ಯಾಂಪೊಲಿನ್ ನಮ್ಮ ಹಿತ್ತಲಲ್ಲಿದೆ” ಎಂದೆ.

ಅವರು ಏಣಿಯಿಂದ ಇಳಿದು ಬಂದು ನಕ್ಕರು. ಅವರ ಮಾತು ನನಗೆ ಅರ್ಧ ತಿಳಿಯಿತು, ಉಳಿದರ್ಧವನ್ನು ಮಗಳು ತಿಳಿಸಿದಳು. ಅದು ಅವರದಲ್ಲ. ಹಿಂದಿನ ಚಳಿಗಾಲದ ಗಾಳಿಗೆ ಅವರ ಹೊಲಕ್ಕೂ ಹೀಗೇ ಬಂದು ಬಿದ್ದಿತ್ತಂತೆ. ಕೇಳಿಕೊಂಡು ಯಾರೂ ಬರಲಿಲ್ಲ. ಆಚೆ ದಡದಿಂದಲೇ ಬಂದಿರಬೇಕು ಎಂದು ಅವರ ಊಹೆ. ಸುತ್ತ ತಂತಿಬಲೆ ಕಟ್ಟಿ ಕೋಳಿಗೂಡು ಮಾಡಿಕೊಂಡಿದ್ದರು.

“ಅಯ್ಯೋ, ಕೋಳಿಗಳು?” ಎಂದೆ.

“ಗ್ರ್ಯಾಂಡ್” ಎಂದರು; ಇಲ್ಲಿನವರ ಬಾಯಲ್ಲಿ ಅದರ ಅರ್ಥ ‘ಏನೂ ತೊಂದರೆಯಿಲ್ಲ’. “ ಎಲ್ಲ ಇಲ್ಲೇ ಇವೆ. ಸೂರು ಮಾತ್ರ ನಿಮ್ಮನೆಗೆ ಬಂತು.” ಆಮೇಲೆ ಮಗಳ ಕಡೆ ತಿರುಗಿ, “ನಿನಗೆ ಬೇಕೇನು?” ಎಂದು ಕೇಳಿದರು. ಅವಳು ನನ್ನ ಮುಖ ನೋಡದೆ ಹೌದು ಎಂದಳು.

ಮನೆಗೆ ಬಂದು ಹೇಳಿದೆ. “ಬಾಡಿಗೆ ಮನೆ ಕಣೇ, ಓನರ್ ಏನಂತಾರೋ” ಎಂದು ಗಂಡನ ತಕರಾರು. “ನಾವೇನು ತಂದಿದ್ದಲ್ವಲ್ಲ, ತಾನೇ ಬಂದಿದ್ದು” ಎಂದೆ. ಹಾಗೆ ಹೇಳುವಾಗ, ಒಂದು ವರ್ಷ ಬೇಡವೆಂದು ವಾದಿಸಿದವಳು ನಾನೇ ಎಂಬುದು ನನಗೇ ವಿಚಿತ್ರವೆನಿಸಿತು. ಫೋನುಗಳು ಸರಿಯಾದ ಮೇಲೆ ಮಾಲೀಕರು ಕರೆ ಮಾಡಿ ಹೆಂಚು ಮತ್ತು ಟ್ಯಾಂಕಿನ ವಿಚಾರ ಕೇಳಿದರು. ಬಾಗಿದ ಕಂಬದ ಬಗ್ಗೆ ಹೇಳಿದೆ. ಅದನ್ನು ಬಗ್ಗಿಸಿದ ಟ್ರ್ಯಾಂಪೊಲಿನ್ ಇನ್ನೂ ಹಿತ್ತಲಲ್ಲಿದೆ ಎಂದೂ ಹೇಳಿದೆ. “ಗಟ್ಟಿಯಾಗಿ ಕಟ್ಟಿಹಾಕಿ” ಎಂದಷ್ಟೇ ಅಂದರು.

ಆ ವಾರದ ಕೊನೆಗೆ ರೈತರು ಟ್ರ್ಯಾಕ್ಟರಿನಲ್ಲಿ ಬಂದರು. ಸೊಟ್ಟಗಾದ ಕಾಲುಗಳನ್ನು ಸುತ್ತಿಗೆಯಿಂದ ಬಡಿದು ನೇರ ಮಾಡಿದರು. ತಿರುಪಿನಂತೆ ನೆಲದೊಳಗೆ ಇಳಿಯುವ ಕಬ್ಬಿಣದ ಗೂಟಗಳನ್ನು ಗಂಡನ ಕೈಯಿಂದಲೇ ನೆಡಿಸಿದರು. ಟ್ರ್ಯಾಂಪೊಲಿನ್ನಿನ ಬಟ್ಟೆಗೆ ಅಂಟಿದ್ದ ಕೋಳಿ ಹಿಕ್ಕೆಯನ್ನು ನಾನೂ ಮಗಳೂ ಬಿಸಿನೀರು ಹಾಕಿ ಉಜ್ಜಿದೆವು. ಕರೆಂಟ್ ಬಂದಿತ್ತು, ಶುಂಠಿ ಹಾಕಿ ಟೀ ಮಾಡಿಕೊಟ್ಟೆ. ಒಂದು ಗುಟುಕು ಕುಡಿದು, “ಇದು ಔಷಧವೇ?” ಎಂದು ಕೇಳಿದರು. ಎರಡನೇ ಲೋಟವನ್ನೂ ಕುಡಿದರು. ಅಂದಿನಿಂದ ದಾರಿಯಲ್ಲಿ ಸಿಕ್ಕರೆ ಟ್ರ್ಯಾಕ್ಟರ್ ನಿಲ್ಲಿಸಿ ಗಾಳಿ, ನೀರಿನ ಮಟ್ಟ, ದನಗಳ ಬಗ್ಗೆ ಮಾತಾಡುತ್ತಿದ್ದರು. ನಾನೂ ಅಷ್ಟು ಹೊತ್ತು ನಿಲ್ಲುವುದನ್ನು ಕಲಿತೆ.

ಆ ವಸಂತದಲ್ಲಿ, ಮನೆಯಲ್ಲಿ ಯಾರೂ ಇಲ್ಲದ ಒಂದು ಬೆಳಿಗ್ಗೆ, ಮೀಟಿಂಗುಗಳ ನಡುವೆ ಹೋಗಿ ನಾನೂ ಹತ್ತಿದೆ. ಮೊದಲು ಭಯವಾಯಿತು. ಆಮೇಲೆ ಸ್ವಲ್ಪ ಎತ್ತರ ಹಾರಿದೆ. ನೆಲದ ಮೇಲೆ ನಿಂತರೆ ಬೇಲಿ ಅಡ್ಡವಾಗುತ್ತದೆ; ಮೇಲೆ ಹೋದಾಗ ಒಂದು ಕ್ಷಣ ಸರೋವರ ಪೂರ್ತಿ ಕಂಡಿತು, ಬೂದುಬಣ್ಣದ ನೀರು, ಅದರಾಚೆ ಇನ್ನೊಂದು ದಡ. ಏದುಸಿರು ಬರುವವರೆಗೆ ಹಾರಿ ಇಳಿದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಶರತ್ಕಾಲ ಮುಗಿಯುತ್ತ ಬಂದಾಗ ಅದನ್ನು ಬಿಚ್ಚಿಡುವುದೆಂದು ತೀರ್ಮಾನಿಸಿದೆವು. ಗಂಡ ವಿಡಿಯೋ ನೋಡಿಕೊಂಡು ಕಾಲುಗಳನ್ನು ಬಿಚ್ಚಿದರು. ಸ್ಪ್ರಿಂಗುಗಳನ್ನು ಒಂದೊಂದಾಗಿ ಎಳೆದು ಖಾಲಿ ಪೇಂಟ್ ಡಬ್ಬಕ್ಕೆ ಹಾಕುವ ಕೆಲಸ ನನ್ನದು ಮತ್ತು ಮಗಳದು.

“ಬೇಜಾರಾಯ್ತಾ ಪುಟ್ಟಿ?” ಎಂದು ಕೇಳಿದೆ.

“ನೋ, ಇಟ್ಸ್ ಗ್ರ್ಯಾಂಡ್” ಎಂದಳು. ಅವಳಿಗೆ ಈಗ ಶಾಲೆಯ ತಂಡದಲ್ಲಿ ಆಡಲು ಮರದ ಹಾಕಿ ಕೋಲಿನಂಥದ್ದೊಂದು ಬೇಕಾಗಿತ್ತು. ಕೊನೆಯ ಸ್ಪ್ರಿಂಗನ್ನು ಡಬ್ಬಕ್ಕೆ ಎಸೆದು, ತುಕ್ಕು ಅಂಟಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಫ್ರಿಜ್ಜಿನಲ್ಲಿ ಏನಿದೆ ನೋಡಲು ಒಳಗೆ ಹೋದಳು.