ಡಬ್ಬಿಯಲ್ಲಿದ್ದ ಎರಡನೇ ಚೀಟಿ

ನಮ್ಮ ಶಾಲೆಯ ಚರಿತ್ರೆ ಮೇಷ್ಟ್ರಿಗೆ ಮಕ್ಕಳು ಇಟ್ಟ ಹೆಸರು ತಕ್ಕಡಿ. ಇಪ್ಪತ್ತಾರು ವರ್ಷ ಚರ್ಚಾಕೂಟ ನಡೆಸಿದರೂ ಯಾವ ವಿಷಯದಲ್ಲಿ ಅವರ ಸ್ವಂತ ಅಭಿಪ್ರಾಯ ಏನೆಂದು ಒಂದು ನರಪಿಳ್ಳೆಗೂ ತಿಳಿದಿರಲಿಲ್ಲ. ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೋ ಒಂದು ಹೇಳಿ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ನನಗೆ ಅದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ನಾನು ಲೆಕ್ಕದ ಟೀಚರು. ಉತ್ತರ ಬರೆಯದೆ ಬೋರ್ಡು ಒರೆಸುವವರು ನನಗಾಗದು. ಸಾಲದ್ದಕ್ಕೆ ಅವರ ಚರ್ಚೆ ಪ್ರತಿ ಸಲವೂ ನನ್ನ ಪೀರಿಯಡ್ಡನ್ನು ಅರ್ಧ ನುಂಗಿಹಾಕುತ್ತಿತ್ತು.

ಅವರದೊಂದು ಪದ್ಧತಿ ಇತ್ತು. ತಗಡಿನ ಡಬ್ಬಿಯಲ್ಲಿ ಎರಡು ಚೀಟಿ. ಒಂದು ತಂಡದ ನಾಯಕರು ಒಂದನ್ನು ಎತ್ತಬೇಕು, ಅದರಲ್ಲಿ ಬರೆದದ್ದೇ ಅವರ ಪಕ್ಷ. ಉಳಿದ ಚೀಟಿ ಎದುರಾಳಿಯದು, ಅದು ಡಬ್ಬಿಯಲ್ಲೇ ಇರಬೇಕು. ಚರ್ಚೆ ಮುಗಿದ ಮೇಲೆ ಗೆದ್ದವರು ಅದನ್ನು ತೆಗೆದು ಗಟ್ಟಿಯಾಗಿ ಓದಿ, ಸೋತವರ ಪರವಾಗಿ ಒಂದು ನಿಮಿಷ ಮಾತಾಡಬೇಕು. "ಸೋತೋರ ಮಾತಲ್ಲೂ ಒಂದು ಸತ್ಯ ಇರುತ್ತೆ. ಅದನ್ನ ಎತ್ಕೊಂಡೇ ಮನೆಗೆ ಹೋಗಿ" ಎನ್ನುತ್ತಿದ್ದರು.

ಆ ವರ್ಷ ಸಮುದ್ರದಾಚೆ ಎರಡು ದೇಶಗಳ ನಡುವೆ ಯುದ್ಧ ಹತ್ತಿಕೊಂಡಿತ್ತು. ನಮಗೂ ಅದಕ್ಕೂ ಸಂಬಂಧವಿಲ್ಲ ಎನ್ನುವವರು ಅರ್ಧ, ಕೈಕಟ್ಟಿ ಕೂರುವುದು ಹೇಡಿತನ ಎನ್ನುವವರು ಅರ್ಧ. ಸರ್ಕಾರ ಸ್ವಯಂಸೇವಕರನ್ನು ಕರೆಯಿತು. ನಮ್ಮ ಬೀದಿಯ ಕೊನೆಯಲ್ಲೇ ಭರ್ತಿ ಕಚೇರಿ ತೆರೆಯಿತು. ಮೇಷ್ಟ್ರು ಅದನ್ನೇ ವಿಷಯ ಮಾಡಿದರು: ಪರರ ಯುದ್ಧಕ್ಕೆ ನಾವು ಹೋಗಬೇಕೇ, ದೂರ ಇರಬೇಕೇ?

ಹಿಂದಿನ ದಿನ ಗಂಟೆಯಮ್ಮ ಸ್ಟಾಫ್ ರೂಮಿಗೆ ಬಂದಳು. ಶಾಲೆಯ ಗಂಟೆ ಹೊಡೆಯುವವಳು, ಗಂಡನಿಲ್ಲದವಳು. ಇದ್ದ ಒಬ್ಬಳೇ ಮಗಳು ನಮ್ಮಲ್ಲೇ ಕೊನೆಯ ತರಗತಿ, ಹದಿನೆಂಟು ತುಂಬಿದೆ, ಚರ್ಚೆಯಲ್ಲಿ ಅವಳನ್ನು ಮೀರಿಸುವವರಿಲ್ಲ.

"ನನ್ ಮಗಳು ಆಂಬುಲೆನ್ಸ್ ಓಡಿಸೋಕೆ ಹೋಗ್ತಾಳಂತೆ ಸಾರ್. ಫಾರಂ ತುಂಬಿ ದಿಂಬಿನ ಕೆಳಗೆ ಇಟ್ಕೊಂಡಿದ್ದಾಳೆ. ನಾಳೆ ಐದು ಗಂಟೆಗೆ ಗಡುವು. ನನ್ ಮಾತು ಕೇಳಲ್ಲ, ನಿಮ್ ಮಾತು ಕೇಳ್ತಾಳೆ. ಹೋಗ್ಬೇಡ ಅಂತ ಒಂದು ಮಾತು ಹೇಳಿ."

"ನಾನು ಹಾಗೆ ಹೇಳೋ ಹಾಗಿಲ್ಲಮ್ಮ" ಎಂದರು ಮೇಷ್ಟ್ರು. ಆದರೆ ಅವರ ಕೈಯಲ್ಲಿದ್ದ ಸೀಮೆಸುಣ್ಣ ಎರಡು ತುಂಡಾಗಿತ್ತು.

"ಹಾಗಾದ್ರೆ ದೂರ ಇರ್ಬೇಕು ಅನ್ನೋ ಕಡೆ ಅವಳನ್ನ ನಿಲ್ಸಿ. ಬಾಯಲ್ಲಿ ಬಂದಿದ್ದು ಎದೆಗೂ ಇಳಿಯುತ್ತೆ."

ಅವಳು ಕಣ್ಣೊರೆಸಿಕೊಂಡು ಹೋದಳು. ಆಮೇಲಿನ ಪಾಪ ನನ್ನದು, ಮುಚ್ಚಿಡುವುದಿಲ್ಲ. "ಎರಡೂ ಚೀಟೀಲಿ ಒಂದೇ ಬರೀರಿ" ಎಂದೆ. "ಒಂದು ಜೀವ ಉಳಿಯೋದಾದ್ರೆ ಎರಡು ಚೂರು ಕಾಗದ ಏನ್ ಮಹಾ?" ನಾನೇ ಬರೆದೆ, ಎರಡರಲ್ಲೂ: ದೂರ ಇರಬೇಕು. ಮೇಷ್ಟ್ರು ನೋಡಿದರು, ತಡೆಯಲಿಲ್ಲ.

ಮರುದಿನ ಹುಡುಗಿ ಚೀಟಿ ಎತ್ತಿದಳು, ಓದಿದಳು, ಒಂದು ಸಲ ಉಸಿರೆಳೆದುಕೊಂಡು ಶುರು ಮಾಡಿದಳು. "ತಮ್ಮ ತಟ್ಟೇಲಿ ಹೆಗ್ಗಣ ಸತ್ತು ಬಿದ್ದಿದ್ರೂ ಪಕ್ಕದ ತಟ್ಟೇಲಿ ನೊಣ ತೋರಿಸೋರು ನಾವು" ಎಂದಾಗ ತರಗತಿ ಗೊಳ್ಳೆಂದಿತು. ಹಿಂದಿನ ಯುದ್ಧದಿಂದ ಬಾರದವರ ಲೆಕ್ಕ ಕೊಟ್ಟಳು. ಕಳಿಸುವವರ ಮಕ್ಕಳು ಯಾರೂ ಹೋಗುವುದಿಲ್ಲ ಎಂದಳು. ಎದುರಿನ ಹುಡುಗ ತಡವರಿಸಿದ. ಬಾಗಿಲಲ್ಲಿ ನಿಂತ ಗಂಟೆಯಮ್ಮನ ಮುಖ ಅರಳುತ್ತಾ ಬಂತು.

ಆಗ ಮೇಷ್ಟ್ರು ತಟ್ಟನೆ, ಅವರ ಮೇಜಿನ ಪಕ್ಕದಲ್ಲೇ ಕೂತಿದ್ದ ನನ್ನತ್ತ ತಿರುಗಿದರು. ಮುಖ ಬಿಳಿಚಿಕೊಂಡಿತ್ತು. ನನಗೂ ಹೊಳೆಯಿತು: ಗೆದ್ದರೆ ಅವಳು ಎರಡನೇ ಚೀಟಿ ಓದಬೇಕು! ಇಪ್ಪತ್ತಾರು ವರ್ಷ ತಾವೇ ನಡೆಸಿಕೊಂಡು ಬಂದದ್ದನ್ನು ಮೇಷ್ಟ್ರು ಮರೆತಿದ್ದರು, ಪ್ರತಿ ಸಲ ಅದಕ್ಕೇ ಬೈದುಕೊಳ್ಳುತ್ತಿದ್ದ ನಾನೂ ಮರೆತಿದ್ದೆ. ಪುಸ್ತಕದ ಮೂಲೆ ಹರಿದು 'ಹೋಗಬೇಕು' ಎಂದು ಗೀಚಿ, ಮಡಿಸಿ, ಮೇಜಿನ ಕೆಳಗೆ ಅವರ ಕೈಗೆ ತುರುಕಿದೆ. ಡಬ್ಬಿ ಅವರ ಮೊಣಕೈ ಪಕ್ಕದಲ್ಲೇ ಇತ್ತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಬದಲಿಸಬಹುದಿತ್ತು. ಎಲ್ಲರ ಕಣ್ಣೂ ಹುಡುಗಿಯ ಮೇಲಿತ್ತು.

ಅವರು ನನ್ನ ಚೀಟಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಕೈಕಟ್ಟಿ ಕೂತರು. ಎರಡನೇ ಮೋಸ ಅವರಿಂದಾಗಲಿಲ್ಲ. ನನಗೆ ಎಂಥ ಕೋಪ ಬಂತೆಂದರೆ, ಡಬ್ಬಿಯನ್ನೇ ಎತ್ತಿ ಕಿಟಕಿಯಿಂದಾಚೆ ಎಸೆಯೋಣ ಅನ್ನಿಸಿತು.

ಕೈಯೆತ್ತಿಸಿ ಎಣಿಸಿದರೆ ಅವಳೇ ಗೆದ್ದಿದ್ದಳು. ಗಂಟೆಯಮ್ಮ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಶಾಲೆ ಬಿಡುವ ಗಂಟೆ ಹೊಡೆಯಲು ಓಡಿದಳು.

ಹುಡುಗಿ ಡಬ್ಬಿಗೆ ಕೈ ಹಾಕಿದಳು. ಚೀಟಿ ಬಿಚ್ಚಿದಳು. ತಲೆ ಎತ್ತಲೇ ಇಲ್ಲ, ಒಂದೇ ಸಾಲನ್ನು ಎಷ್ಟು ಸಲ ಓದಿದಳೋ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ನಾನು ನೆಲ ನೋಡಿದೆ.

"ಹೋಗಬೇಕು" ಎಂದು ಅವಳು ಗಟ್ಟಿಯಾಗಿ ಓದಿದಳು.

ಅಲ್ಲಿ ಬರೆದಿಲ್ಲದ್ದನ್ನು ಓದಿ ಅವಳು ಇಡೀ ತರಗತಿಯೆದುರು ಮೇಷ್ಟ್ರ ಮಾನ ಉಳಿಸಿದಳು. ಆಮೇಲೆ ಒಂದು ನಿಮಿಷ ಮಾತಾಡಿದಳು, ನಿಧಾನವಾಗಿ. "ಪಕ್ಕದ ಮನೆಗೆ ಬೆಂಕಿ ಬಿದ್ದಾಗ, ಯಾರು ಹಚ್ಚಿದ್ದು ಅಂತ ನಾನು ಕೇಳಲ್ಲ. ಒಳಗೆ ಯಾರಿದ್ದಾರೆ ಅಂತ ಕೇಳ್ತೀನಿ." ಈ ಸಲ ಯಾರೂ ನಗಲಿಲ್ಲ.

ಮಕ್ಕಳೆಲ್ಲ ಹೋದ ಮೇಲೆ ಅವಳು ಮೇಜಿನ ಬಳಿ ಬಂದಳು. ಎರಡೂ ಚೀಟಿಗಳನ್ನು ಜೋಡಿಸಿ ಇಟ್ಟಳು.

"ಅಮ್ಮ ಬಂದಿದ್ರಾ ಸಾರ್?"

"ಬಂದಿದ್ರು. ಆದ್ರೆ ಮಾಡಿದ್ದು ನಾನು" ಎಂದರು. ನನ್ನ ಹೆಸರು ಎತ್ತಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಆ ನಾಚಿಕೆ ನನಗೆ ಈಗಲೂ ಇದೆ.

"ಫಾರಂ ತುಂಬಿದ್ದೆ, ಸಹಿ ಹಾಕಿರ್ಲಿಲ್ಲ. ಇವತ್ತು ಎರಡೂ ಕಡೆ ಕೇಳಿ ತೀರ್ಮಾನ ಮಾಡೋಣ ಅಂತಿದ್ದೆ" ಎಂದಳು. "ನಾನೇ ಮಾತಾಡ್ತಾ ಮಾತಾಡ್ತಾ ಹೌದಲ್ಲ, ಹೋಗೋದು ಬೇಡ ಅನ್ನಿಸ್ತಿತ್ತು ಸಾರ್. ಈಗ ಹೇಗೆ ನಂಬ್ಲಿ? ಗೆಲ್ಲೋಕೆ ಮೋಸ ಬೇಕಾಗೋ ವಾದ ಎಂಥ ವಾದ?"

ಮೇಷ್ಟ್ರು ಕನ್ನಡಕ ತೆಗೆದರು, ಒರೆಸಲಿಲ್ಲ.

"ಹೋಗ್ಬೇಡ ಕಣಮ್ಮ."

ಅವರೊಂದು ಪಕ್ಷ ಹಿಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಇದು ವಾದಾನಾ ಸಾರ್?"

"ಅಲ್ಲ. ನನಗೆ ಭಯ ಆಗ್ತಿದೆ, ಅಷ್ಟೆ."

ಅವಳ ಕಣ್ಣು ತುಂಬಿತು. "ನಿನ್ನೆ ನನ್ನ ಕರೆದು ಇಷ್ಟು ಹೇಳಿದ್ರೆ ನಿಂತುಬಿಡ್ತಿದ್ದೆ" ಎಂದಳು. ಬ್ಯಾಗು ಹೆಗಲಿಗೇರಿಸಿ ಹೊರಟಳು. ಕಿಟಕಿಯಿಂದ ನೋಡಿದೆ: ಗೇಟು ದಾಟಿ, ಮನೆಯ ಕಡೆಗಲ್ಲ, ಬೀದಿಯ ಕೊನೆಯ ಕಡೆಗೆ ತಿರುಗಿದಳು. ನಾಲ್ಕೂ ಕಾಲು.

ಕಾರಿಡಾರಿನಲ್ಲಿ ಚಪ್ಪಲಿಯ ಸದ್ದಾಯಿತು. ಗಂಟೆಯಮ್ಮ ಓಡೋಡಿ ಬರುತ್ತಿದ್ದಳು, ಮುಖದ ತುಂಬ ನಗು.

"ನಾನ್ ಹೇಳ್ತೀನಿ" ಎಂದೆ ಮೇಷ್ಟ್ರಿಗೆ.

"ಬೇಡ" ಎಂದು ಅವರು ಎದ್ದು ಬಾಗಿಲಿಗೆ ನಡೆದರು.

"ಎಷ್ಟು ಚೆನ್ನಾಗಿ ಮಾತಾಡಿದ್ಳು ಸಾರ್! ನಿಮ್ ಉಪಕಾರ ಸಾಯೋವರೆಗೂ ಮರೆಯಲ್ಲ. ಎಲ್ಲಿ ನನ್ ಮಗಳು?"