ಅರಬೈಲಿನ ಉಲ್ಲಾಸ ಮತ್ತು ಹಡಗಿನ ಸರ್ವಿಸ್ ಚಾರ್ಜು

ಉಲ್ಲಾಸನ ಹೆಸರನ್ನು ದೇವಿ ಮೊದಲು ಕೇಳಿದ್ದು ಬಣ್ಣದ ಅಂಗಡಿಯಲ್ಲಿ. ಶಿರಸಿಯ ಹುಬ್ಬಳ್ಳಿ ರಸ್ತೆಯಲ್ಲಿರುವ ಆ ಅಂಗಡಿ ಅವಳ ಮಗ ಸಂಜಯನದು. ಗಂಡ ತೀರಿಹೋದ ಮೇಲೆ ಸಿದ್ದಾಪುರದ ಕಡೆಯಿಂದ ಮಗನ ಮನೆಗೆ ಬಂದ ದೇವಿಗೆ ಮಧ್ಯಾಹ್ನ ಮಲಗಿ ರೂಢಿಯಿಲ್ಲ. ಊಟ ಆದದ್ದೇ ಅಂಗಡಿಗೆ ಬಂದು, ಬಣ್ಣ ಕಲಸುವ ಮಷಿನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತು, ಬಂದು ಹೋಗುವವರ ಸುದ್ದಿ ಕೇಳುವಳು.

ಅವತ್ತು ಅರಬೈಲಿನ ಹೊನ್ನ ಬಂದಿದ್ದ. ಘಟ್ಟದ ತಿರುವಿನ ಕೆಳಗೆ ಸ್ವಲ್ಪ ಗದ್ದೆ ಇಟ್ಟುಕೊಂಡ ಮನುಷ್ಯ, ದೂರದಿಂದ ಸಂಬಂಧವೂ ಹೌದು. ಕಾರ್ಡಿನಲ್ಲಿದ್ದ ನೀಲಿಗಳನ್ನೆಲ್ಲ ಒಂದೊಂದಾಗಿ ಬೇಡ ಅಂದು, ಕಡೆಗೆ ಮೊಬೈಲ್ ತೆಗೆದು ಒಂದು ಹಡಗಿನ ಫೋಟೋ ತೋರಿಸಿದ.

"ಇದ್ರ ಹೊಟ್ಟೆಗೆ ಹೊಡೆದ ಬಣ್ಣ ಬೇಕು."

"ಎಂತಕ್ಕೆ ಹೊನ್ನಣ್ಣ? ಮನೆ ತೇಲಿಸೂ ಅಂದಾಜಾ?" ಅಂತ ಸಂಜಯ ನಗಾಡಿದ.

"ಮಗ ಹೇಳಿದ ಬಣ್ಣ ಮಾರಾಯ. ಉಲ್ಲಾಸ. ಅವಂಗೆ ಅದೇ ಹಡಗಲ್ಲಿ ಕೆಲಸ."

"ಹಡಗು ಓಡಿಸ್ತ್ನಾ?" ದೇವಿ ಕೇಳಿದಳು.

ಹೊನ್ನ ಬಣ್ಣದ ಕಾರ್ಡನ್ನು ಮಡಚಿಟ್ಟ. "ಇಲ್ಲ ದೇವಕ್ಕ. ಊಟ ಬಡಿಸ್ತ." ಆಮೇಲೆ ದನಿ ಇಳಿಸಿ, "ಉಂಡವ್ರು ಏಳೂಕಿಂತ ಮುಂಚೆ ದುಡ್ಡು ಕೊಟ್ಟು ಹೋಗ್ತ್ರಂತೆ. ಸಂಬಳಕ್ಕಿಂತ ಅದೇ ಹೆಚ್ಚಂತೆ" ಅಂದ.

ಹೇಳಿದ ಮೇಲೆ ಯಾಕಾದರೂ ಹೇಳಿದೆನೋ ಅನ್ನುವ ಹಾಗೆ, ಸಂಜಯ ಕಲಸಿಕೊಟ್ಟ ಡಬ್ಬ ಎತ್ತಿಕೊಂಡು ಹೊರಟೇ ಹೋದ.

ಹೊನ್ನನಿಗೆ ಯಾಕೆ ಹಾಗಾಯಿತು ಅನ್ನುವುದು ದೇವಿಗೆ ತಿಳಿಯದ್ದಲ್ಲ. ಹೋಟೆಲಿನಲ್ಲಿ ಸೋಂಪಿನ ತಟ್ಟೆಗೆ ಚಿಲ್ಲರೆ ಬಿಟ್ಟು ಏಳುವುದು ಅವಳೂ ಕಂಡದ್ದೇ. ಆದರೆ ಅವರ ಪೈಕಿಯಲ್ಲಿ ಮದುವೆಯಾದರೂ ತಿಥಿಯಾದರೂ ಬಡಿಸುವವರು ಕೇರಿಯವರೇ. ನಮ್ಮಲ್ಲಿ ನೀವು ಬಡಿಸಿದಿರಿ, ನಿಮ್ಮಲ್ಲಿ ನಾವು ಬಡಿಸುತ್ತೇವೆ. ಅದಕ್ಕೆ ಮುಯ್ಯಿ ಅಂತಲೇ ಹೆಸರು. ಪಂಕ್ತಿಯಲ್ಲಿ ಕೂತವನು ಬಡಿಸುವವನ ಕೈಗೆ ನೋಟು ಇಟ್ಟರೆ ಆ ಮನೆಗೆ ಮತ್ತೆ ಅವನನ್ನು ಕರೆಯುವುದಿಲ್ಲ. ಹೊನ್ನ ತನ್ನ ಪ್ರಾಯದಲ್ಲಿ ಅನ್ನದ ಬುಟ್ಟಿ ಹಿಡಿದರೆ ಉದ್ದಾನುದ್ದ ಪಂಕ್ತಿಯನ್ನು ಒಂದೇ ಉಸಿರಿಗೆ ಮುಗಿಸುವವನು. ಅವನ ಮಗ ಬಡಿಸಿ ದುಡ್ಡು ತಗೊಳ್ಳುತ್ತಾನೆ ಅಂದರೆ, ಮನೆಗೆ ಬಣ್ಣ ಬಂದರೂ ಹೊನ್ನನ ಮುಖಕ್ಕೆ ಬರಲಿಲ್ಲ.

ಉಲ್ಲಾಸನ ಉಳಿದ ಕತೆ ದೇವಿಗೆ ಅವರಿವರ ಬಾಯಿಂದ ಸಿಕ್ಕಿತು. ಯಲ್ಲಾಪುರದಲ್ಲಿ ಪಿಯುಸಿ ಅರ್ಧಕ್ಕೆ ಬಿಟ್ಟನಂತೆ. ಹೆದ್ದಾರಿಯ ಹೋಟೆಲೊಂದರಲ್ಲಿ ಲಾರಿಯವರಿಗೆ ಚಾ ಕೊಟ್ಟನಂತೆ. ಅಲ್ಲಿಂದ ಗೋವೆಗೆ ಹೋಗಿ ದೊಡ್ಡ ಹೋಟೆಲಿನಲ್ಲಿ ಕಪ್ಪು ಕೋಟು ಹಾಕುವುದು ಕಲಿತು, ಹಡಗು ಹತ್ತಿದನಂತೆ. ಒಂಬತ್ತು ತಿಂಗಳು ನೀರಿನ ಮೇಲೆ, ಎರಡು ತಿಂಗಳು ಮನೆಯಲ್ಲಿ. ಮನೆಯಲ್ಲಿದ್ದಾಗ ಅಪ್ಪ ಹಡಗಿನ ಮಾತು ಎತ್ತುವುದಿಲ್ಲ, ಇವನೂ ಹೇಳುವುದಿಲ್ಲ.

ಎರಡು ವರ್ಷದ ಮೇಲೆ ಸಂಜಯನಿಗೆ ಬಣ್ಣದ ಕಂಪನಿಯಿಂದ ಹಡಗಿನ ಪ್ರವಾಸ ಬಂತು. ಹೆಚ್ಚು ಮಾಲು ಮಾರಿದ ಅಂಗಡಿಯವರನ್ನು ಮನೆಮಂದಿ ಸಮೇತ ಮುಂಬೈಯಿಂದ ಕಡಲಿಗೆ ಕರೆದುಕೊಂಡು ಹೋಗುವುದು. ಸಂಜಯ, ಹೆಂಡತಿ ಪ್ರತಿಭಾ, ಮಗಳು ತನುಜಾ, ಜೊತೆಗೆ ದೇವಿ. ಹಡಗಿನ ಹೆಸರು ಕೇಳಿದರೆ ಅದೇ, ಹೊನ್ನನ ಗೋಡೆಯ ಬಣ್ಣದ್ದು. ಹೊನ್ನ ಮಗನಿಗೆ ಅಂತ ಮಿಡಿ ಉಪ್ಪಿನಕಾಯಿಯ ಡಬ್ಬ ತಂದುಕೊಟ್ಟ. ಅದನ್ನು ಬಂದರದ ಕಾವಲಿನವರು ಒಳಗೆ ಬಿಡಲಿಲ್ಲ.

ಮೊದಲ ಸಂಜೆ ಊಟಕ್ಕೆ ಕೂತಾಗ ತೆಳ್ಳಗಿನ ಹುಡುಗನೊಬ್ಬ ನೀರು ಬಗ್ಗಿಸುತ್ತಾ ನಿಂತ. ಪ್ರತಿಭಾ, "ಅಮ್ಮಂಗೆ ತಣ್ಣೀರು ಬೇಡ್ವೇನ" ಅಂದದ್ದಷ್ಟೇ. ಅವನ ಕೈ ನಿಂತಿತು.

"ಶಿರಸಿ ಬದಿಯವ್ರಾ ನೀವು?"

"ನೀನು ಹೊನ್ನನ ಮಗ ಅಲ್ವನಾ?" ಅಂದಳು ದೇವಿ. "ಮೂಗೇ ಹೇಳ್ತದೆ."

ಆಮೇಲೆ ಅವರ ಮೇಜಿಗೆ ಬಿಸಿನೀರು ಕೇಳದೆ ಬಂತು, ಮೊಸರನ್ನ ಬಂತು, ಎಲ್ಲಿಂದಲೋ ಒಂದು ಹಸಿಮೆಣಸೂ ಬಂತು. ದೇವಿ ಪಂಕ್ತಿಯಲ್ಲಿ ಮಾಡುವ ಹಾಗೆ ತಟ್ಟೆಗೆ ಕೈ ಅಡ್ಡ ಹಿಡಿದು "ಸಾಕು, ಸಾಕು" ಅಂದರೆ, ಅವನು ಊರಿನವರ ಹಾಗೆಯೇ ಕೈಯ ಸಂದಿಯಿಂದ ಒಂದು ಸೌಟು ಬಿಟ್ಟೇ ಬಿಡುವನು. ಉಂಡಾದ ಮೇಲೆ ತಟ್ಟೆ ಎತ್ತಲು ಹೋದ ಅವಳನ್ನು, "ಅಜ್ಜಿ, ನನ್ನ ಕೆಲಸ ಕಸಿಬೇಡಿ" ಅಂತ ಕೂರಿಸಿದ. ಮುಂದಿನ ಕರಾರಿನಲ್ಲಿ ತನ್ನನ್ನು ಹಿರಿಯ ವೇಟರ್ ಮಾಡುವುದಿದೆ, ಹಾಗಾದರೆ ಅಪ್ಪ ಅಮ್ಮನನ್ನು ಒಂದು ಸಲ ಹಡಗು ಹತ್ತಿಸಬಹುದು ಅಂತಲೂ ಹೇಳಿದ. "ಅಪ್ಪ ನಾ ಬಡಿಸೂದು ನೋಡೇ ಇಲ್ಲ" ಅಂದ.

ಎರಡನೇ ದಿನ ಸಂಜಯನ ಕಣ್ಣಿಗೆ ಒಂದು ವಿಷಯ ಬಿತ್ತು. ಊಟ, ಕೋಣೆ ಎಲ್ಲ ಕಂಪನಿಯ ಖರ್ಚು. ಆದರೆ ಸರ್ವಿಸ್ ಚಾರ್ಜು ಅಂತ ತಲೆಗೆ ಇಷ್ಟು, ದಿನಕ್ಕೆ ಇಷ್ಟು ಅಂತ ಕೋಣೆಯ ಲೆಕ್ಕಕ್ಕೆ ತಾನಾಗಿ ಸೇರುತ್ತಿತ್ತು. ಬೇಡವೆಂದರೆ ಕೌಂಟರಿಗೆ ಹೋಗಿ ತೆಗೆಸಬಹುದಂತೆ.

"ಇದನ್ನ ಹಡಗಿನವ್ರಿಗೆ ಯಾಕೆ ಕೊಡೂದು?" ಅಂದ ಸಂಜಯ. "ದುಡಿದವ ನಮ್ಮ ಹುಡುಗ. ತೆಗೆಸಿ ಅವನ ಕೈಗೇ ಕೊಡ್ವ. ಇನ್ನೂ ಸ್ವಲ್ಪ ಸೇರಿಸಿಯೇ ಕೊಡ್ವ."

"ಬರೀ ದುಡ್ಡು ಬೇಡ" ಅಂದಳು ಪ್ರತಿಭಾ. "ಅಮ್ಮನ ಚೀಲದಲ್ಲಿ ಅಡಿಕೆ ಇದೆ. ಅಡಿಕೆ ಇಟ್ಟು ಕೊಟ್ರೆ ಉಡುಗೊರೆ ಆಗ್ತದೆ. ಹೊನ್ನಣ್ಣಂಗೂ ಬೇಜಾರಿಲ್ಲ."

ದೇವಿಗೂ ಅದು ಹಿತವೆನಿಸಿತು. ಸಂಜಯ ಕೌಂಟರಿನ ಹುಡುಗಿಗೆ ತನ್ನ ಹಿಂದಿಯಲ್ಲಿ, ಉಲ್ಲಾಸ ನಮ್ಮವನು, ಅವನಿಗೆ ನಾವೇ ಕೊಡುತ್ತೇವೆ ಅಂತ ಹೆಸರು ಹಿಡಿದು ಹೇಳಿ, ಚಾರ್ಜು ತೆಗೆಸಿ ಬಂದ. ಪಕ್ಕದ ಮೇಜಿನಲ್ಲಿ ಹಾವೇರಿ ಕಡೆಯ ಅಂಗಡಿಯವರ ತಾಯಿ ಪಾರ್ವತವ್ವ ಇದ್ದಳು. ಕೇಳಿದ್ದೇ, "ಛಲೋ ಆತು ನೋಡ್ರಿ! ನಾವೂ ಹಂಗ ಮಾಡೂಣು. ಹುಡುಗನ ಕೈಯಾಗ ಬೀಳ್ಲಿ" ಅಂದಳು. ಪಾರ್ವತವ್ವ ಹೇಳಿದ ಮೇಲೆ ಕೇಳಬೇಕೇ? ಸಂಜೆಯೊಳಗೆ ಬಣ್ಣದಂಗಡಿಯ ಅಷ್ಟೂ ಮನೆಯವರು ಸಾಲು ಹಚ್ಚಿ ತೆಗೆಸಿದರು. ಎಲ್ಲರೂ ಹೇಳಿದ್ದು ಉಲ್ಲಾಸನ ಹೆಸರೇ.

ಮಾರನೆಯ ರಾತ್ರಿ ಊಟಕ್ಕೆ ಬಡಿಸಲು ಬೇರೆ ಹುಡುಗ ಬಂದ. ಮಣಿಪುರದವನು, ಕನ್ನಡ ಬಾರದು. ಉಲ್ಲಾಸ ಎಲ್ಲಿ ಅಂದರೆ ನೀರು ಬಗ್ಗಿಸಿ ಮುಂದಿನ ಮೇಜಿಗೆ ಹೋದ.

ದೇವಿಗೆ ಅವನು ಸಿಕ್ಕಿದ್ದು ಬೆಳಿಗ್ಗೆ, ಹಡಗಿನ ಮೇಲಿನ ಅಂತಸ್ತಿನ ನಾಷ್ಟಾ ಮಾಡುವ ಜಾಗದಲ್ಲಿ. ಕಪ್ಪು ಕೋಟು ಇರಲಿಲ್ಲ. ಜನ ಬಿಟ್ಟುಹೋದ ಎಂಜಲು ತಟ್ಟೆಗಳನ್ನು ಗಾಡಿಗೆ ಪೇರಿಸುತ್ತಿದ್ದ. ದೇವಿ ಎದ್ದು ಹೋಗಿ ಅವನು ಒರೆಸುತ್ತಿದ್ದ ಮೇಜಿಗೇ ಕೂತಳು.

"ಅಜ್ಜಿ, ನೀವು ತಿಂತಾ ಇರಿ" ಅಂದ, ಮುಖ ಎತ್ತದೆ. "ನಾ ನಿಂತು ಮಾತಾಡಿದ್ರೆ ಅಲ್ಲಿ ಸೂಪರ್‌ವೈಸರ್ ನೋಡ್ತ."

"ಎಂತ ಆಯ್ತೋ ನಿಂಗೆ?"

"ಚಾರ್ಜು ತೆಗೆಸಿ ನನ್ನ ಕೈಗೆ ಕೊಡಿ ಅಂತ ನಾನೇ ನಿಮಗೆಲ್ಲ ಹೇಳಿಕೊಟ್ಟೆ ಅಂತ ಆಗ್ಯದೆ. ಒಂದು ಮನೆ ಆಗಿದ್ರೆ ಅಡ್ಡಿರಲಿಲ್ಲ. ಇಡೀ ಗುಂಪೇ ಹೋಗಿ ನನ್ನ ಹೆಸರು ಹೇಳಿ ಬಂದ್ರೆ ಅವ್ರು ಎಂತ ತಿಳ್ಕಳಬೇಕು?"

"ಅಯ್ಯೋ, ನಾವು ನಿಂಗೆ ಒಳ್ಳೇದಾಗ್ಲಿ ಅಂತ..."

"ಗೊತ್ತು ಅಜ್ಜಿ. ಆದ್ರೆ ಆ ಚಾರ್ಜು ನನ್ನೊಬ್ಬಂದಲ್ಲ. ಕೆಳಗೆ ಪಾತ್ರೆ ತೊಳೆಯೋವ್ರು, ತರಕಾರಿ ಹೆಚ್ಚೋವ್ರು, ನಿಮ್ಮ ಚಾದರ ಒಗೆಯೋವ್ರು, ಎಲ್ಲರದ್ದೂ ಅದ್ರಲ್ಲಿದೆ. ಚಾರ್ಜು ತೆಗೆಸಿದ ಮನೆಯವ್ರು ಕೈಗೆ ಕೊಟ್ಟದ್ದನ್ನೂ ನಾ ಇಟ್ಕಳೂ ಹಾಗಿಲ್ಲ, ಒಟ್ಟಿಗೇ ಹಾಕ್ಬೇಕು. ಚಾರ್ಜು ಇಟ್ಟು, ಮೇಲಿಂದ ಪ್ರೀತಿಯಲ್ಲಿ ಕೊಟ್ರೆ ಅದು ನಂದು."

"ಮೊದ್ಲೇ ಹೇಳೂಕೆ ಎಂತ ಆಗಿತ್ತು ನಿಂಗೆ?"

ಅವನು ನಕ್ಕ. "ಹೇಳಿದ್ರೆ ಕೇಳಿದ ಹಾಗೆ ಆಗ್ತದೆ. ಇಲ್ಲಿ ಬಡಿಸೋವ ಬಾಯಿಬಿಟ್ಟು ಕೇಳೂ ಹಾಗಿಲ್ಲ. ಊರಲ್ಲೂ ಹಾಗೇ ಅಲ್ವಾ?" ಗಾಡಿ ತಿರುಗಿಸಿಕೊಂಡ. "ಕರಾರು ಮುಗಿಯೂಕೆ ಬಂತು. ಮತ್ತೆ ಕರೀತ್ರೋ ಇಲ್ವೋ ಇದ್ರ ಮೇಲೆ ಇದೆ."

ದೇವಿ ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ಮುಗಿಸಿದಳು. ಎಂಜಲು ಬಿಟ್ಟರೆ ಅವನೇ ತೆಗೆಯಬೇಕಲ್ಲ. ಆಮೇಲೆ ಕೋಣೆಗೆ ಬಂದು ಮಗನ ಚಾದರ ಎಳೆದಳು.

"ಏಳು. ಕೌಂಟರಿಗೆ ಹೋಗ್ವ. ಆ ಚಾರ್ಜು ವಾಪಸ್ ಹಾಕ್ಸು."

ಕತೆಯೆಲ್ಲ ಕೇಳಿದ ಮೇಲೂ ಸಂಜಯ ಗೊಣಗಿದ. "ಕೊಡೂದು ಕೊಡೂದೇ ಅಲ್ವಾ ಅಮ್ಮ, ಯಾರ ಕೈಗೆ ಕೊಟ್ರೆ ಎಂತ? ಈಗ ಹೋಗಿ ತಪ್ಪಾಯ್ತು ಅಂದ್ರೆ ಮರ್ಯಾದೆ ಇರ್ತದಾ?"

"ನಿನ್ನ ಮದುವೆಲಿ ಹೋಳಿಗೆ ಬಡಿಸಿದವನ್ನ ಕಂಡ್ಯಲ್ಲ, ಹಿತ್ತಲಲ್ಲಿ ಕೂತು ಲಟ್ಟಿಸಿದವ್ರನ್ನ ಕಂಡಿದ್ಯಾ?"

"ಮದುವೆಲಿ ಸೆಕೆಗೆ ನಾನು ಪ್ರತಿಭಾನ್ನೇ ಸರಿ ಕಂಡಿಲ್ಲ."

"ಈಗ ಕಂಡ್ರಲ್ಲ, ಎದ್ದು ಹೋಗಿ" ಅಂದಳು ಪ್ರತಿಭಾ.

ಕೌಂಟರಿನಲ್ಲಿ ಮೇಲಧಿಕಾರಿಯೊಬ್ಬ ಬಂದ. ತನುಜಾ ಇಂಗ್ಲಿಷಿನಲ್ಲಿ ಹೇಳಿದಳು. ಅವನು ಒಂದೇ ಮಾತು ಕೇಳಿದ: ಆ ಹುಡುಗ ನಿಮ್ಮನ್ನು ದುಡ್ಡು ಕೇಳಿದ್ದನೇ?

ದೇವಿ ಮೊಮ್ಮಗಳಿಗೆ, "ಹೇಳು ಅವಂಗೆ. ಅವ ಕೇಳಲಿಲ್ಲ. ನಾವೂ ಅವನ್ನ ಕೇಳಲಿಲ್ಲ. ಕೇಳಿದ್ರೆ ಬೇಡ ಅಂತಿದ್ದ. ನಮ್ಮ ಕಡೆ ಹುಡುಗನ್ನ ಬರಿಗೈಲಿ ಬಿಡೂದು ಬೇಡ ಅಂತ ನಾವು ನಾವೇ ಮಾಡಿದ್ದು ಇದು" ಅಂದಳು. ತನುಜಾ ಅಷ್ಟನ್ನೂ ಹೇಳಿದಳೋ, ಅರ್ಧ ಹೇಳಿದಳೋ. ಅಧಿಕಾರಿ ತಲೆಯಾಡಿಸಿದ. ಚಾರ್ಜು ಮತ್ತೆ ಲೆಕ್ಕಕ್ಕೆ ಬಿತ್ತು.

ಪಾರ್ವತವ್ವನನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. "ಪಾಪ, ಹುಡುಗನ ಹೊಟ್ಟಿ ಮ್ಯಾಲ ಹೊಡದಂಗಾತಲ್ರಿ!" ಅಂತ ಎದ್ದವಳೇ ತನ್ನ ಕಡೆಯವರನ್ನೆಲ್ಲ "ಬರ್ರಿ, ಬರ್ರಿ" ಅಂತ ಎಬ್ಬಿಸಿಕೊಂಡು ಹೋದಳು. ಆದರೂ ಕೆಲವು ಮನೆಯವರು ಹೋಗಲಿಲ್ಲ. ಉಳಿದದ್ದು ಉಳಿಯಿತು ಅಂತ ಹಡಗಿನ ಅಂಗಡಿಯಲ್ಲಿ ಸಾಮಾನು ಕೊಳ್ಳಲು ನಡೆದರು. ಉಲ್ಲಾಸ ಮತ್ತೆ ಅವರ ಮೇಜಿಗೆ ಬರಲಿಲ್ಲ. ಅಡಿಕೆ ದೇವಿಯ ಚೀಲದಲ್ಲೇ ಶಿರಸಿಗೆ ವಾಪಸಾಯಿತು.

ಕರಾರು ಮುಗಿಸಿ ಉಲ್ಲಾಸ ಮನೆಗೆ ಬಂದ. ಎರಡು ತಿಂಗಳಿಗೆ ಬರಬೇಕಾದ ಕರೆ ಬರಲಿಲ್ಲ, ಆರು ತಿಂಗಳಾದರೂ ಇಲ್ಲ. ಇಂಥದಕ್ಕೇ ಅಂತ ಯಾರೂ ಹೇಳಲಿಲ್ಲ. ಅವನೂ ಯಾರನ್ನೂ ದೂರಲಿಲ್ಲ. ಸಂಜಯ ಒಂದು ದಿನ ಅರಬೈಲಿಗೆ ಹೋಗಿ ಏನೋ ಹೇಳಲು ಬಾಯಿ ತೆಗೆದರೆ, "ಬಿಡಿ ಸಂಜಯಣ್ಣ, ಗೋಡೆ ಬಿಳಿಚಿ ಹೋಗ್ಯದೆ, ಇನ್ನೊಂದು ಡಬ್ಬ ಕೊಡಿ" ಅಂದನಂತೆ. ಯಲ್ಲಾಪುರದಲ್ಲಿ ಮದುವೆ ಅಡುಗೆ ವಹಿಸಿಕೊಳ್ಳುವ ವಿಘ್ನೇಶ್ವರನ ತಂಡ ಸೇರಿದ. ಈಗ ಊರಲ್ಲೂ ಬಡಿಸಲು ಕೇರಿಯವರು ಸಾಲುವುದಿಲ್ಲ. ಅಂಥ ಮನೆಗಳಿಗೆ ದುಡ್ಡಿಗೆ ಬಡಿಸುವವರೇ ಬೇಕು. ಪಾತ್ರೆ ತೊಳೆಯುವವರ ಊಟ ಆಗದೆ ಪಾತ್ರೆ ಗಾಡಿಗೆ ಏರುವ ಹಾಗಿಲ್ಲ ಅಂತ ಅಲ್ಲಿಯೂ ಹಟ ಹಿಡಿದನಂತೆ. ವಿಘ್ನೇಶ್ವರ, "ಇವ ಹಡಗನ್ನ ಘಟ್ಟ ಹತ್ತಿಸಿದ್ದ" ಅಂತ ಬೈಯುತ್ತಲೇ ಒಪ್ಪಿದ.

ಒಂದು ವರ್ಷ ಕಳೆದ ಮೇಲೆ ಬೇರೆ ಹಡಗಿನಿಂದ ಕರೆ ಬಂತು, ದೂರದ ಸಮುದ್ರದ್ದು. ಅಷ್ಟರಲ್ಲೇ ಅವನ ತಂಗಿಯ ಮದುವೆ. ಹೊನ್ನ ಕರೆಯಲು ಬಂದಾಗ ದೇವಿ, "ಉಣ್ಣೂಕೆ ಅಲ್ಲ, ಬಡಿಸೂಕೆ ಬತ್ತೆ. ಮುಯ್ಯಿ ಉಳ್ಕಂಡದೆ" ಅಂದಳು. ಹೊನ್ನ ಯಾವುದದು ಅಂತ ಕೇಳಲಿಲ್ಲ.

ಮದುವೆಯ ದಿನ ಗಂಡಿನ ಕಡೆಯವರ ಪಂಕ್ತಿಗೆ ಉಲ್ಲಾಸನೇ ಅನ್ನದ ಬುಟ್ಟಿ ಹಿಡಿದ. ಹೊನ್ನ ಚಪ್ಪರದ ಕಂಬಕ್ಕೆ ಒರಗಿ, ಮಗ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವುದನ್ನು ನೋಡುತ್ತಾ ನಿಂತಿದ್ದ. ಯಾರೋ ಕರೆದರೂ ಹೋಗಲಿಲ್ಲ. ಪಂಕ್ತಿ ಮುಗಿದ ಮೇಲೆ, "ಉಪ್ಪು ಸ್ವಲ್ಪ ಮುಂಚೆ ಹೋಗ್ಬೇಕಾಗಿತ್ತು" ಅಂದ. ಅಷ್ಟೇ. ಉಲ್ಲಾಸ ಕಿವಿಯವರೆಗೆ ನಕ್ಕ.

ಎರಡು ದಿನ ಬಿಟ್ಟು ಅವನು ಹೊರಟುಹೋದ. ದೇವಿ ಮತ್ತೆ ಅವನನ್ನು ಕಂಡಿಲ್ಲ. ಹಾಗಾಗಿ ಅವನು ಅವಳನ್ನು ಕೊನೆಗೆ ಕೇಳಿದ್ದು ಅಂದರೆ ಆ ಮದುವೆಯ ಕಡೇ ಪಂಕ್ತಿಯಲ್ಲಿ ಕೇಳಿದ್ದೇ. ಬಡಿಸಿದವರೆಲ್ಲ ಉಣ್ಣಲು ಕೂತಿದ್ದರು. ದೇವಿ ಸೆರಗು ಸಿಕ್ಕಿಸಿ ಪಾಯಸದ ಬಕೆಟ್ಟು ಹಿಡಿದು ಬಂದು, ಅವನ ಎಲೆಗೆ ಒಂದು ಸೌಟು ಹಾಕಿ ಇನ್ನೊಂದಕ್ಕೆ ಬಗ್ಗಿದಳು. ಅವನು ಕೈ ಅಡ್ಡ ಹಿಡಿದ. ಹಡಗಿನಲ್ಲಿ ಅವಳು ಹಿಡಿದ ಹಾಗಲ್ಲ, ಸಂದಿ ಬಿಡದೆ ಹಿಡಿದ.

"ನಂಗೆ ಸಾಕು ಅಜ್ಜಿ. ಹಿತ್ತಲಲ್ಲಿ ಪಾತ್ರೆ ತಿಕ್ಕೋವ್ರು ಇನ್ನೂ ಕೂತಿಲ್ಲ. ಅವ್ರಿಗೆ ಸಾಕಾಗೂವಷ್ಟು ಉಳಿದದ್ಯಾ, ಒಂಚೂರು ನೋಡ್ತ್ರಾ?"