ಬತ್ತೀನಿ ಅನ್ನು

ಬಾಗಲಗುಂಟೆಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಓನರಮ್ಮನ ಎದುರು ಯಾರೂ 'ಹೋಗ್ತೀನಿ' ಅನ್ನುವ ಹಾಗಿರಲಿಲ್ಲ. ಪೀಣ್ಯದ ಫ್ಯಾಕ್ಟರಿಗೆ ಹೊರಟವರನ್ನು ಗೇಟಿನಲ್ಲೇ ತಡೆದು, "ಓಗ್ತೀನಿ ಅನ್ಬಾರ್ದು, ಬತ್ತೀನಿ ಅನ್ನು" ಎಂದು ಹೇಳಿಸಿಯೇ ಬಿಡುತ್ತಿದ್ದರು. ಬಸ್ಸು ತಪ್ಪಿದರೂ ಸರಿಯೇ.

ಚಿಕ್ಕಂದಿನಲ್ಲಿ ಅವರು ಟೆಂಟಿನಲ್ಲಿ ಒಂದು ಪರದೇಶದ ಪಿಕ್ಚರ್ ನೋಡಿದ್ದರಂತೆ. ಸಮುದ್ರದಿಂದ ಎದ್ದುಬಂದು ಊರು ತುಳಿಯುವ ಬೆಟ್ಟದಂಥ ಮೃಗವನ್ನು ಕೊನೆಗೆ ಕೊಂದುಬಿಡುತ್ತಾರೆ. "ಪಾಪ, ದಾರಿ ತಪ್ಪಿ ಬಂದಿತ್ತು ಕಣೋ," ಎಂದು ಈಗಲೂ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು.

ಅದೇ ಕಥೆ ಹೊಸದಾಗಿ ಬಂದಾಗ ಬಾಡಿಗೆಯವರೆಲ್ಲ ಸೇರಿ ಅವರನ್ನೂ ಮಾಲಿಗೆ ಕರೆದುಕೊಂಡು ಹೋದೆವು. ಪಿಕ್ಚರ್ ಶುರುವಾದಾಗಿನಿಂದ ನನ್ನ ಮಣಿಕಟ್ಟು ಅವರ ಮುಷ್ಟಿಯಲ್ಲಿತ್ತು. "ಸಾಯ್ತದೇನೋ?" ನನಗೇನು ಗೊತ್ತು! ಅದೇನಾದರೂ ಸತ್ತರೆ ಇವರನ್ನು ಸಮಾಧಾನ ಮಾಡಿ ಮನೆ ಸೇರಿಸುವುದು ಹೇಗೆ ಅಂತ ನನಗೆ ದಿಗಿಲು.

ಸಾಯಲಿಲ್ಲ. ಸಮುದ್ರಕ್ಕಿಳಿದ ಮೃಗ ಒಮ್ಮೆ ಹಿಂತಿರುಗಿ ನೋಡಿ, ಗುಡುಗಿ, ಮುಳುಗಿತು.

ಹೊರಗೆ ಬಂದದ್ದೇ ತಡ, ಜಗಳ ಶುರುವಾಯಿತು. "ಗ್ರಾಫಿಕ್ಸ್ ಸಕ್ಕತ್ ಗುರು," ಅಂದ ಒಬ್ಬ. ಹಳೆಯದನ್ನು ಮೊಬೈಲಿನಲ್ಲಿ ನೋಡಿದ್ದ ನಾನು, ಆ ರಬ್ಬರ್ ಮೃಗವೇ ವಾಸಿ ಎಂದು ರೇಗಿದೆ. "ಕ್ಲೈಮ್ಯಾಕ್ಸ್ ಬರೀ ಮೋಸ ಮಗಾ," ಅಂದ ಇನ್ನೊಬ್ಬ, "ತಿರುಗಿ ನೋಡಿದ್ದೇ ಪಾರ್ಟ್ ಟೂ ಮಾಡೋಕೆ."

ಓನರಮ್ಮ ಆಗಷ್ಟೇ ನನ್ನ ಕೈ ಬಿಟ್ಟು, ಉಸಿರೆಳೆದುಕೊಂಡು, ಸೆರಗು ಸರಿಮಾಡಿಕೊಂಡರು. ಮುಖದ ತುಂಬಾ ನಗು.

"ಮೋಸ ಏನ್ ಬಂತೋ? ಬತ್ತೀನಿ ಅಂತ ಏಳಿ ಓಯ್ತು, ಅಷ್ಟೇಯ."